ನಂಬರಿಗೆ ಇಟ್ಟ ಜೋಳದ ಡಬ್ಬಿ

ಆಗ ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಆದರೂ ಒಂದು ಇಂಗ್ಲಿಷ್ ಶಬ್ದವಿಲ್ಲದೆ ನಮಗೆ ಬೆಳಗಾಗುತ್ತಿರಲಿಲ್ಲ. ಆ ಶಬ್ದ ನಂಬರ್. ಸವದತ್ತಿ ಕಡೆಯಿಂದ ಪುಣೆಗೆ ಬಂದ ಹೊಸತರಲ್ಲಿ ಅವ್ವ ಊರಿನ ರೂಢಿಯಂತೆ ‘ಪಾಳಿ’ ಅನ್ನುತ್ತಿದ್ದಳಂತೆ. ನಳದ ಮುಂದೆ ನಿಂತು ‘ನನ್ನ ಪಾಳಿ ಬಂತು’ ಎಂದಾಗ ಚಾಳಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರಂತೆ. ಮರಾಠಿಯಲ್ಲಿ ಅದು ತಿಂಗಳ ಮುಟ್ಟಿಗೂ ಆಗುವ ಮಾತು. ಅಂದಿನಿಂದ ಅವ್ವ ನಂಬರಿನವಳಾದಳು.

ಆ ಶಬ್ದ ನಮ್ಮ ಮನೆಯಲ್ಲಿ ದುಡಿದಷ್ಟು ಯಾರೂ ದುಡಿದಿಲ್ಲ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಅವನ ಬಾಯಲ್ಲಿ ಉಳ್ಳಾಗಡ್ಡಿಗೆ ನಂಬರ್ ಇತ್ತು. ಒಂದು ನಂಬರಿನ ಮಾಲು ಹೋಟೆಲುಗಳಿಗೆ, ಎರಡು ನಂಬರಿನದು ನಮ್ಮ ಮನೆಗೆ. ನಾನು ವರ್ಗಕ್ಕೆ ಎರಡನೇ ನಂಬರ್ ಬಂದಿದ್ದೇನೆ ಎಂದು ಕುಣಿಯುತ್ತ ಬಂದರೆ ಅವನಿಗೆ ಉಳ್ಳಾಗಡ್ಡಿಯೇ ನೆನಪಾಗಿ ಮುಖ ಸಣ್ಣದಾಗುತ್ತಿತ್ತು. ಶಾಲೆಯಲ್ಲಿ ಒಂದಕ್ಕೆ ಹೋಗಲು ಒಂದು ಬೆರಳು ಎತ್ತಿದರೆ ಅದು ಒಂದು ನಂಬರ್. ಎರಡು ಎತ್ತಿದವರನ್ನು ಟೀಚರ್ ಏನೂ ಕೇಳದೆ ಬಿಡುತ್ತಿದ್ದರು. ಎದುರು ಖೋಲಿಯ ಮಾಮಿಯ ಕನ್ನಡಕಕ್ಕೆ ವರ್ಷ ವರ್ಷ ನಂಬರ್ ಏರುತ್ತಿತ್ತು. ಕುಂಟಾಬಿಲ್ಲೆ ಆಡುವಾಗ ‘ನಂದ ನಂಬರ್, ನಂದ ನಂಬರ್’ ಎಂದು ಜಡೆ ಹಿಡಿದು ಜಗ್ಗಾಡಿದ್ದೇವೆ. ಇನ್ನು ಪುಣೆಯವರು ರುಚಿಯಾದದ್ದೇನಾದರೂ ಬಾಯಿಗೆ ಬಿದ್ದರೆ ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳು ಕೂಡಿಸಿ ‘ಏಕ್ ನಂಬರ್!’ ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಆದರೆ ನಂಬರಿನ ನಿಜವಾದ ರಾಜ್ಯ ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಗಿರಣಿಗೆ ಹೋದವರು ಅಲ್ಲಿ ನಿಲ್ಲುತ್ತಿರಲಿಲ್ಲ, ಡಬ್ಬಿ ನಿಲ್ಲುತ್ತಿತ್ತು. ಕಾಳು ತುಂಬಿದ ಡಬ್ಬಿಯನ್ನು ಸಾಲಿನ ಕೊನೆಗೆ ಇಟ್ಟು ಅವರವರ ಕೆಲಸಕ್ಕೆ ಹೋಗುವುದು. ಮುಂದಿನದು ಬೀಸಿ ಮುಗಿದಂತೆ ಆಗ ಅಲ್ಲಿಗೆ ಬಂದವರು ಎಲ್ಲ ಡಬ್ಬಿಗಳನ್ನೂ ಕಾಲಿನಿಂದ ಒಂದೊಂದು ಹೆಜ್ಜೆ ಮುಂದೆ ತಳ್ಳುವುದು. ಬಿಸಿ ಹಿಟ್ಟಿನ ಆ ವಾಸನೆ, ಪಟ್ಟಾ ತಿರುಗುವ ಪಟಪಟ ಸದ್ದು, ಹುಬ್ಬೆಲ್ಲ ಬೆಳ್ಳಗಾದ ಗಿರಣಿಯ ತಾತ್ಯಾ, ಎಲ್ಲ ಕಣ್ಣ ಮುಂದೆಯೇ ಇದೆ. ಅಲ್ಲಿ ಒಂದು ಕಾಯಿದೆ ಇತ್ತು. ಖಾಲಿ ಡಬ್ಬಿಗೆ ನಂಬರಿಲ್ಲ. ಕಾಳಿದ್ದರಷ್ಟೇ ಅದು ಮನುಷ್ಯರ ಸಮ. ನಮ್ಮ ಡಬ್ಬಿ ಎಣ್ಣೆಯದು, ಒಂದು ಮಗ್ಗುಲು ಜಜ್ಜಿದ್ದು. ಅವ್ವನಿಗೆ ಬರೆಯಲು ಬಾರದು. ಅದಕ್ಕೆ ಕೆಂಪು ಬಣ್ಣದಿಂದ ಮೂರು ಚುಕ್ಕೆ ಇಟ್ಟಿದ್ದಳು. ಅದೇ ನಮ್ಮ ಹೆಸರು.

ನಾನು ಏಳನೇತ್ತೆ ಮುಗಿಸಿದ ವರ್ಷ. ಮಹಾನಗರಪಾಲಿಕೆಯ ನಮ್ಮ ಕನ್ನಡ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಹುಡುಗಿಯರ ಹೈಸ್ಕೂಲು ಒಂದೇ ನಡೆದು ಹೋಗುವಷ್ಟು ಹತ್ತಿರ, ಅಲ್ಲಿ ಹೊರಗಿನ ಶಾಲೆಯವರಿಗೆ ನಲವತ್ತೇ ಫಾರ್ಮ್. ಅಪ್ಪ ಬಸ್ಸಿನಲ್ಲಿ ದೂರ ಕಳಿಸುವವನಲ್ಲ. ಊಟಕ್ಕೆ ಕೂತಾಗ ತನ್ನ ತೀರ್ಪು ಹೇಳಿದ್ದ.

“ಏಳ ಕಲ್ತಾಳ, ಭಾಳ ಆತು. ಫಾರ್ಮ್ ಸಿಕ್ರ ಕಲೀಲಿ. ಸಿಗಲಿಲ್ಲಂದ್ರ ನಿನ್ನ ಜೋಡಿ ಪೋಳಿ ಮಾಡಾಕ ಬರ್ಲಿ. ಇನ್ನೆರಡು ಮನಿ ಹಿಡಿಬಹುದು.”

ಅವ್ವ ನಾಲ್ಕು ಮನೆಗಳಲ್ಲಿ ಚಪಾತಿ ಮಾಡುತ್ತಿದ್ದಳು. ಪುಣೆಯವರು ಅದಕ್ಕೆ ಪೋಳಿ ಅನ್ನುತ್ತಾರೆ. ಅಪ್ಪನ ಮಾತಿಗೆ ಅವಳು ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿದಳು.

ಫಾರ್ಮ್ ಕೊಡುವ ದಿನವೇ ಅವಳು ಕೆಲಸ ಮಾಡುವ ಒಂದು ಮನೆಯಲ್ಲಿ ಮಗಳ ನಿಶ್ಚಿತಾರ್ಥ ಬಂತು. ನೂರು ಹೂರಣದ ಹೋಳಿಗೆ ಮಾಡಿಕೊಡುತ್ತೇನೆಂದು ಅವ್ವ ತಿಂಗಳ ಮೊದಲೇ ಮಾತು ಕೊಟ್ಟಿದ್ದಳು. ಫಾರ್ಮಿಗೆ ಪಾಲಕರೇ ಬರಬೇಕು, ಮಕ್ಕಳಿಗೆ ಕೊಡುವುದಿಲ್ಲ ಎಂದು ಶಾಲೆಯ ಗೇಟಿಗೆ ಬರೆದು ಹಚ್ಚಿದ್ದರು. ಅಪ್ಪ ನಸುಕಿನಲ್ಲೇ ಲಾರಿ ಇಳಿಸಲು ಹೋಗಿದ್ದ. ಅವ್ವ ಒಂದಿಷ್ಟೂ ಗಾಬರಿಯಾಗಲಿಲ್ಲ. ಡಬ್ಬಿಗೆ ಜೋಳ ತುಂಬಿದಳು.

“ಗಿರಣಿಗೆ ಹೊಂಟೀಯೇನವಾ?” ಎಂದೆ.

“ಸಾಲಿಗೆ.” ಶಾಲೆಗೆ ನಮ್ಮ ಮಾತಿನಲ್ಲಿ ಸಾಲಿ.

“ಸಾಲಿಗೆ ಡಬ್ಬಿ ಯಾಕ?”

“ನಂಬರ್ ಹಚ್ಚಾಕಲೇ! ಖಾಲಿ ಡಬ್ಬಿಗೆ ಯಾರ ಮರ್ಯಾದಿ ಕೊಡ್ತಾರ?”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಹತ್ತು ವರ್ಷ ಈ ಊರಿನಲ್ಲಿ ಅವಳು ಕಂಡಿದ್ದ ಸಾಲುಗಳಲ್ಲೆಲ್ಲ ವಸ್ತುವಿಗೆ ಮನುಷ್ಯರಷ್ಟೇ ಬೆಲೆ ಇತ್ತು. ನಳದ ಮುಂದೆ ಕೊಡ, ರೇಷನ್ ಅಂಗಡಿ ಮುಂದೆ ಚೀಲ, ಸೀಮೆಎಣ್ಣೆಗೆ ಕ್ಯಾನು. ಶಾಲೆಯ ಸಾಲು ಬೇರೆ ಎಂದು ಅವಳಿಗೆ ಯಾರು ಹೇಳಿದ್ದರು?

ಬೆಳಗಿನ ಏಳಕ್ಕೆ ಹೋದಾಗ ನಮ್ಮ ಮುಂದೆ ಮೂವತ್ತೈದು ಜನ. ಅವ್ವ ತಲೆ ಎಣಿಸಿದಳು, ಸದ್ಯ ನಲವತ್ತರೊಳಗೇ ಎಂದು ನಿಟ್ಟುಸಿರು ಬಿಟ್ಟಳು, ಎಂಟರವರೆಗೆ ನಿಂತಳು. ಆಮೇಲೆ ಡಬ್ಬಿ ಇಟ್ಟು, ಹಿಂದೆ ನಿಂತಿದ್ದ ಕಪ್ಪು ಟೊಪ್ಪಿಗೆಯ ಮುದುಕರಿಗೆ ತನ್ನ ಹರಕು ಮರಾಠಿಯಲ್ಲಿ, “ಆಜೋಬಾ, ನಂಬರ್ ನೋಡ್ಕೊಳ್ರಿ, ಈಗ ಬಂದೆ” ಎಂದಳು. ಮೊಮ್ಮಗಳ ಫಾರ್ಮಿಗೆ ಬಂದಿದ್ದ ಆ ಮುದುಕರು ಡಬ್ಬಿಯನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ ಕೊಡೆಯ ಹಿಡಿ ಅಲ್ಲಾಡಿಸಿದರು. ಅವ್ವ ನನ್ನ ಕಡೆ ತಿರುಗಿ, “ಯಾರರ ಕೇಳಿದ್ರ ನಮ್ಮದ ಅಂತ ಹೇಳು. ಹತ್ತೂವರಿಗೆ ಖಿಡಕಿ ತಗೀತಾರ, ಅಷ್ಟ್ರಾಗ ಬರ್ತೇನಿ” ಎಂದು ಸೆರಗು ಸಿಕ್ಕಿಸಿಕೊಂಡು ಹೋದಳು.

ಮಕ್ಕಳನ್ನೆಲ್ಲ ಬೇವಿನ ಮರದ ಕೆಳಗೆ ಕೂಡಿಸಿದ್ದರು. ನನ್ನ ಪಕ್ಕ ಎರಡು ಜಡೆಯ ಒಬ್ಬಳು ಹುಡುಗಿ. ಕಾಗದದ ಪೊಟ್ಟಣದಿಂದ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತೆಗೆದು ಅರ್ಧ ನನಗೆ ಕೊಟ್ಟಳು. ತನ್ನ ತಾಯಿಯನ್ನು ತೋರಿಸಿದಳು. ಹಸಿರು ಸೀರೆ, ಮುದುಕರಿಗಿಂತ ನಾಲ್ಕು ಜನ ಹಿಂದೆ. “ನಿನ್ನ ಆಯಿ ಎಲ್ಲಿ?” ಎಂದಳು. “ಮುಂದ ಎಲ್ಲೋ ಅದಾಳ” ಎಂದೆ. ಮಾವಿನಕಾಯಿ ಹುಳಿಗೆ ಕಣ್ಣು ಕಿವುಚಿದಂತೆ ಮಾಡಿದೆ.

ಹತ್ತೂವರೆಗೆ ಕಿಟಕಿ ತೆರೆಯಿತು, ಅವ್ವ ಬರಲಿಲ್ಲ. ಸಾಲು ಸರಿಯತೊಡಗಿತು. ಮುದುಕರು ಚಪ್ಪಲಿಯ ತುದಿಯಿಂದ ಡಬ್ಬಿಯನ್ನು ಒಂದು ಹೆಜ್ಜೆ ತಳ್ಳುವರು, ತಾವೊಂದು ಹೆಜ್ಜೆ ಇಡುವರು. ಜೋಳ ಒಳಗೆ ಝಲ್ ಅನ್ನುವುದು. ಹೀಗೇ ಒಂದು ತಾಸು ನಡೆಯಿತು. ಆಗ ಹಸಿರು ಸೀರೆಯ ಹೆಂಗಸು ತಲೆ ಎಣಿಸುತ್ತ ಬಂದಳು. ಡಬ್ಬಿ ಬಿಟ್ಟರೆ ಅವಳು ನಲವತ್ತನೆಯವಳು, ಡಬ್ಬಿ ಹಿಡಿದರೆ ನಲವತ್ತೊಂದು. ಅವಳು ಶಾಲೆಯ ಶಿಪಾಯಿಯನ್ನು ಕರೆದಳು.

“ಹಾ ಡಬಾ ಕೋಣಾಚಾ?” ಶಿಪಾಯಿ ಕೂಗಿದ. ಯಾರದು ಈ ಡಬ್ಬಿ? ಮುಚ್ಚಳ ತೆಗೆದು ನೋಡಿ, “ಅಯ್ಯೋ, ಜೋಳ! ಈ ಸಲ ಎಂಟನೇತ್ತೆಗೆ ಜೋಳಕ್ಕೂ ಅಡ್ಮಿಷನ್ ಕೊಡ್ತಾರೇನು?” ಎಂದ.

ಇಡೀ ಸಾಲು ನಕ್ಕಿತು. ಮರದ ಕೆಳಗಿನ ಮಕ್ಕಳು ನಕ್ಕರು. ಪಕ್ಕದ ಹುಡುಗಿಯೂ ನಕ್ಕಳು. ನಾನು ಏಳಬೇಕಿತ್ತು. ‘ನಮ್ಮದು’ ಅಂದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ಜಜ್ಜಿದ ಮಗ್ಗುಲು, ಆ ಮೂರು ಚುಕ್ಕೆ, ಇಸ್ತ್ರಿ ಮಾಡಿದ ಸೀರೆಗಳ ಆ ಸಾಲು! ನಾನು ನಕ್ಕೆ. ಎಲ್ಲರ ಜೊತೆ ನಾನೂ ನಕ್ಕುಬಿಟ್ಟೆ.

ಶಿಪಾಯಿ ಡಬ್ಬಿ ಎತ್ತಲು ಬಗ್ಗಿದ. ಮುದುಕರ ಕೊಡೆ ಅವನ ಕೈಗೂ ಡಬ್ಬಿಗೂ ನಡುವೆ ಬಂತು.

“ಅದು ನಂಬರ್. ಎತ್ತಬೇಡ.”

“ಆಜೋಬಾ, ಇದೇನು ಗಿರಣಿಯೇ? ಮನುಷ್ಯರು ನಿಲ್ಲಬೇಕು.”

“ಹೌದೇನು? ಒಳಗೆ ನಿಮ್ಮ ದೊಡ್ಡ ಕ್ಲಾರ್ಕರ ಕುರ್ಚಿ ಮೇಲೆ ಬೆಳಗಿನಿಂದ ಟವೆಲ್ ಒಂದೇ ಕೂತಿದೆ. ಮೊದಲು ಅದನ್ನು ಎಬ್ಬಿಸು, ಆಮೇಲೆ ಡಬ್ಬಿಗೆ ಬಾ.”

ಈ ಸಲ ಸಾಲು ಶಿಪಾಯಿಯನ್ನು ನೋಡಿ ನಕ್ಕಿತು. ಅವನೂ ನಗು ತಡೆಯಲಾರದೆ, “ಖಿಡಕಿಗೆ ಬಂದಾಗ ಡಬ್ಬಿ ಸಹಿ ಮಾಡುತ್ತೋ ನೋಡೋಣ” ಎಂದು ಹೋದ.

ಡಬ್ಬಿ ಕಿಟಕಿಗೆ ಮೂರನೆಯದಾಯಿತು. ಎರಡನೆಯದಾಯಿತು. ನಾನು ಗೇಟಿನಿಂದ ಕಣ್ಣು ಕೀಳಲಿಲ್ಲ. ಅಷ್ಟರಲ್ಲಿ ಗೇಟಿನಲ್ಲಿ ಅವ್ವ ಕಂಡಳು. ಮೊಣಕೈವರೆಗೆ ಕಣಕ ಮೆತ್ತಿಕೊಂಡಿದೆ, ಒಂದು ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲೊಂದು ಗಂಟು. ನೇರ ಓಡಿ ಬಂದು ಡಬ್ಬಿಯ ಹಿಂದೆ ನಿಂತಳು, ತನ್ನ ಜಾಗದಲ್ಲಿ. ಹೆಬ್ಬೆಟ್ಟು ಒತ್ತುವಾಗ ಕ್ಲಾರ್ಕ್, “ತಾಯಿ, ಕೈ ಒರೆಸಿಕೊಳ್ಳಿ” ಎಂದರು. ಒರೆಸಿದರೂ ಕಣಕದ ಅರಿಶಿನ ಹೋಗಲಿಲ್ಲ. ಆ ರಜಿಸ್ಟರಿನಲ್ಲಿ ಅವ್ವನ ಹೆಬ್ಬೆಟ್ಟು ಶಾಯಿಯ ಸುತ್ತ ಹಳದಿ ಅಂಚು ಕಟ್ಟಿಕೊಂಡು ಕೂತಿತು.

ಗಂಟಿನಲ್ಲಿ ನಾಲ್ಕು ಬಿಸಿ ಹೋಳಿಗೆ ಇದ್ದವು. ಎರಡನ್ನು ಅವ್ವ ಮುದುಕರ ಕೈಗಿಟ್ಟಳು. ಅವರು ಅಲ್ಲೇ ನಿಂತು ಒಂದು ತುಂಡು ಮುರಿದು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. “ಏಕ್ ನಂಬರ್!” ಎಂದರು. ಆಮೇಲೆ ಅವ್ವನಿಗೆ ಮೆಲ್ಲಗೆ ಏನೋ ಹೇಳಿದರು. ನಾನು ಆಗ ಫಾರ್ಮನ್ನು ನೋಡುತ್ತಿದ್ದೆ. ಮೇಲಿನ ಮೂಲೆಯಲ್ಲಿ ೩೬ ಎಂದು ಅಚ್ಚಾಗಿತ್ತು.

ಫಾರ್ಮು ಮುಗಿದವೆಂದು ಕಿಟಕಿ ಮುಚ್ಚಿತು. ಎರಡು ಜಡೆಯ ಹುಡುಗಿ ತಾಯಿಯ ಕೈ ಹಿಡಿದು ಹೊರಟಳು. ಗೇಟಿನಲ್ಲಿ ತಿರುಗಿ ನೋಡಿದಳು. ಮೂರು ಚುಕ್ಕೆಯ ಡಬ್ಬಿ ಆಗ ನನ್ನ ಸೊಂಟದ ಮೇಲಿತ್ತು. ಅವಳಿಗೆ ಬೇರೆಲ್ಲಾದರೂ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಉಪ್ಪು ಖಾರ ಈಗಲೂ ಒಮ್ಮೊಮ್ಮೆ ನಾಲಿಗೆಗೆ ಬರುತ್ತದೆ.

ಅಲ್ಲಿಂದ ನೇರ ಗಿರಣಿಗೆ ಹೋದೆವು. ಅದೇ ಜೋಳ ಬೀಸಿಸಿ, ಸಂಜೆ ಅದೇ ಹಿಟ್ಟಿನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಅಪ್ಪ ಫಾರ್ಮನ್ನು ದೀಪಕ್ಕೆ ಹಿಡಿದು ತಲೆಕೆಳಗಾಗಿ ನೋಡಿ, “ನಂಬರ್ ಎಷ್ಟು?” ಎಂದ. ಮೂವತ್ತಾರು ಎಂದೆ. ಮುಖ ಸಣ್ಣದಾಗಲಿಲ್ಲ.

ಆ ಬೇಸಿಗೆಯ ಕೊನೆಯಿಂದ ಅವ್ವ ಗಿರಣಿಗೆ ಹೋಗುವುದನ್ನೇ ಬಿಟ್ಟಳು. ನನ್ನನ್ನು ಅಟ್ಟತೊಡಗಿದಳು. ತಾತ್ಯಾಗೂ ಹೇಳಿಟ್ಟಿದ್ದಳು. ಅವನು ಪ್ರತಿ ಸಲ ಬೇಕೆಂದೇ, ಇಡೀ ಗಿರಣಿಗೆ ಕೇಳುವಂತೆ, “ಮೂರು ಚುಕ್ಕೆ ಯಾರದು?” ಎಂದು ಕೂಗುತ್ತಿದ್ದ. ನಾನು ಪಟ್ಟಾದ ಸದ್ದಿಗಿಂತ ಜೋರಾಗಿ “ನಮ್ಮದು!” ಎಂದು ಒದರುವವರೆಗೆ ಡಬ್ಬಿ ಎತ್ತುತ್ತಿರಲಿಲ್ಲ. ಅವ್ವನಿಗೆ ಕಾಲು ನೋವಿರಬೇಕು, ಅದಕ್ಕೆ ನನ್ನನ್ನು ಕಳಿಸುತ್ತಾಳೆ ಎಂದುಕೊಂಡಿದ್ದೆ.

ಆ ಹೈಸ್ಕೂಲಿನಲ್ಲಿ ಕಲಿತೆ. ಮರಾಠಿಯೂ ಇಂಗ್ಲಿಷೂ ಒಟ್ಟಿಗೇ ತಲೆಯ ಮೇಲೆ ಬಿದ್ದವು, ಎಂಟನೇತ್ತೆಯಲ್ಲಿ ಎರಡು ವಿಷಯ ಹೋದವು, ಮತ್ತೆ ಎದ್ದೆ. ಬೆಳಗ್ಗೆ ಅವ್ವನ ಜೊತೆ ಎರಡು ಮನೆಯ ಪೋಳಿ ಲಟ್ಟಿಸಿಯೇ ಕಾಲೇಜಿಗೆ ಹೋದೆ. ಬಿ.ಕಾಂ. ಮುಗಿಸಿದೆ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಮನೆತನಗಳಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ವಿಮಾನ ನಗರದ ಒಂದು ಆಫೀಸಿನಲ್ಲಿ ಕೆಲಸ. ಗಿರಣಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಹಿಟ್ಟು ಪ್ಯಾಕೀಟಿನಲ್ಲಿ ಮನೆ ಬಾಗಿಲಿಗೆ ಬರುತ್ತದೆ, ತಣ್ಣಗಿರುತ್ತದೆ. ಮೂರು ಚುಕ್ಕೆಯ ಡಬ್ಬಿಯಲ್ಲಿ ನಾನು ಅಕ್ಕಿ ಹಾಕಿಡುತ್ತೇನೆ.

ಹೋದ ತಿಂಗಳು ಅವ್ವನ ಕನ್ನಡಕದ ನಂಬರ್ ತೆಗೆಸಲು ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆವು. ಟೋಕನ್ ಐವತ್ತೈದು. ಗೋಡೆಯ ಪರದೆಯ ಮೇಲೆ ಅಂಕಿಗಳು ಬದಲಾಗುತ್ತವೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕೂತು ಕೂತು ಬೇಸರಕ್ಕೋ ಏನೋ, ನನ್ನ ಬಾಯಿಂದ ಆ ಮಾತು ಬಂತು.

“ಅವ್ವಾ, ಅವತ್ತು ಸಾಲ್ಯಾಗ ಡಬ್ಬಿ ಯಾರದಂತ ಕೇಳಿದಾಗ ನಾ ಸುಮ್ಮಕಿದ್ದೆ. ನಕ್ಕೆ ಕೂಡ.”

“ಗೊತ್ತದ. ಅಜ್ಜಾರು ಅವತ್ತ ಹೇಳಿದ್ರು, ಹುಡುಗಿ ಶಾಣ್ಯಾ ಅದಾಳ, ಬಾಯಿ ಅಷ್ಟ ಬಿಚ್ಚಿಸು ಅಂತ.”

“ಮತ್ತ ನೀ ಒಂದ ಮಾತೂ ಬೈಲಿಲ್ಲಲ್ಲ?”

“ಬೈದ್ರ ಬಾಯಿ ಬರ್ತಿತ್ತೇನ? ಗಿರಣಿಗೆ ಕಳಿಸಿದ್ನಲ್ಲ.”

ನಾನು ಪರದೆ ನೋಡಿದೆ. ಐವತ್ನಾಲ್ಕು ಎಂದು ಬಂತು. ಪಕ್ಕದ ಕುರ್ಚಿಯಲ್ಲಿ ಮಾತ್ರೆಯ ಚೀಲ ಒಂದೇ ಇತ್ತು. ಐವತ್ನಾಲ್ಕರ ಟೋಕನ್ ಹಿಡಿದಿದ್ದ ಮುದುಕಿ ಅದನ್ನಿಟ್ಟು ಆಗಷ್ಟೇ ನೀರು ಕುಡಿದು ಬರುತ್ತೇನೆಂದು ಎದ್ದು ಹೋಗಿದ್ದರು. ಎರಡು ಸಲ ಗಂಟೆ ಹೊಡೆದು ಪರದೆ ಐವತ್ತೈದಕ್ಕೆ ಜಿಗಿಯಿತು. ಕೌಂಟರಿನ ಹುಡುಗಿ ನಮ್ಮ ಹೆಸರು ಕೂಗಿದಳು. ಅವ್ವ ಕೂತಲ್ಲಿಂದ ಕದಲಲಿಲ್ಲ. ಚೀಲವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಷ್ಟು ಜನರಲ್ಲಿ ಆ ಚೀಲವನ್ನು ನಂಬರ್ ಎಂದು ಓದಬಲ್ಲವರು ನಾವಿಬ್ಬರೇ ಉಳಿದಿದ್ದೆವು ಅನ್ನಿಸಿತು.

ಎದ್ದು ಹೋಗಿ, “ಐವತ್ನಾಲ್ಕು ನಮ್ಮ ಮುಂದಿದ್ದಾರೆ. ಅಗೋ, ಅವರ ಚೀಲ” ಎಂದೆ.

“ಮ್ಯಾಡಮ್, ಸಿಸ್ಟಮ್ ಮುಂದೆ ಹೋಗಿದೆ.”

“ಹೋಗಲಿ. ನಾವಿನ್ನೂ ಇಲ್ಲೇ ಇದ್ದೇವೆ.”

ಸ್ವಲ್ಪ ಜೋರಾಗಿಯೇ ಅಂದಿರಬೇಕು. ಸಾಲುಸಾಲಾಗಿ ತಲೆಗಳು ಮೊಬೈಲಿನಿಂದ ಮೇಲೆದ್ದವು. ಹಿಂದಿನಿಂದ ಅವ್ವ ನಗುವುದು ಕೇಳಿಸಿತು.