ಖಾಲಿ ಬಿಡಬಾರದ ಮನೆ

ಮಳೆ ಜಡಿಯುವ ಆಟಿ ತಿಂಗಳಲ್ಲಿ ನೇತ್ರಾವತಿಯ ನೀರು ಕೆಂಪಾಗಿ ದಂಡೆಯ ತೆಂಗಿನ ಬುಡ ಮುಟ್ಟಿತೆಂದರೆ ಸಾಕು, ಪಾಣೆಮಂಗಳೂರಿನ ಹೊಳೆಬದಿಯ ಹೆಂಗಸರು ಗಂಟುಮೂಟೆ ಕಟ್ಟುತ್ತಿದ್ದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೋಳಿಗಳನ್ನು ಬುಟ್ಟಿಗೆ ಹಾಕಿ, ಅಕ್ಕಿಯನ್ನು ಅಟ್ಟಕ್ಕೇರಿಸಿ, ಗುಡ್ಡೆಯ ಮೇಲಿನ ನೆಂಟರ ಮನೆ ಸೇರುವುದು. ನೀರು ಇಳಿದ ಮೇಲೆ ಬಂದು ಕೆಸರು ಬಾಚುವುದು. ಜೈನಬಮ್ಮ ಹೋಗುತ್ತಿದ್ದದ್ದು ಅಕ್ಕ ಸಫಿಯಮ್ಮನ ಮನೆಗೆ. ಉಳಿದವರಿಗೆ ಅದು ಮುಂಜಾಗ್ರತೆಯಾದರೆ ಇವಳಿಗೆ ಪ್ರಾಣಭಯ. ಸಾವಿರದ ಒಂಬೈನೂರ ಇಪ್ಪತ್ತಮೂರನೇ ಇಸವಿಯ ಮಾರಿಬೊಳ್ಳದಲ್ಲಿ, ಊರು ಕೊಚ್ಚಿಕೊಂಡು ಹೋದ ಆ ದೊಡ್ಡ ನೆರೆಯಲ್ಲಿ, ಐದು ವರ್ಷದ ಜೈನಬಮ್ಮ ಅಟ್ಟದ ಮೇಲೆ ಕೂತು ತಮ್ಮನ ತೊಟ್ಟಿಲು ತೇಲಿಹೋದದ್ದನ್ನು ಕಣ್ಣಾರೆ ಕಂಡವಳು. ದೊಡ್ಡವಳಾದರೂ ಆ ಹೆದರಿಕೆ ಬಿಡಲಿಲ್ಲ.

ಗಂಡ ಮೂಸಾ ಪೇಟೆಯಲ್ಲಿ ಉಪ್ಪಿನ ವ್ಯಾಪಾರಿ. ಮಗಳನ್ನು ಕನ್ಯಾನಕ್ಕೆ ಮದುವೆ ಮಾಡಿಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ. ಮಣ್ಣಿನ ಗೋಡೆ ಕೆಡವಿ ಮುರಕಲ್ಲಿನ ಗೋಡೆ ಎಬ್ಬಿಸಿ ಹೆಂಚು ಹೊದೆಸಿದ ಆ ಮನೆಯೆಂದರೆ ಅವನಿಗೆ ಪ್ರಾಣ. ಮೂಸಾ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜೈನಬಮ್ಮ ಅವನ ಮಾತು ಕೇಳುತ್ತಲೂ ಇರಲಿಲ್ಲ.

ಐವತ್ತೊಂಬತ್ತರ ಕೊನೆಗೆ ಮಂಗಳೂರಿನಿಂದ ನಿತ್ಯಾನಂದನೆಂಬ ವಿಮೆಯ ಏಜೆಂಟ ಬಂದ. ಬೆಂಕಿಗೆ ಮಾಡಿಸುವ ವಿಮೆಯಲ್ಲಿ ನೆರೆಯನ್ನೂ ಸೇರಿಸಬಹುದು, ಮನೆ ಬಿದ್ದರೆ ಮತ್ತೆ ಕಟ್ಟಿಕೊಳ್ಳಲು ಕಂಪೆನಿ ಹಣ ಕೊಡುತ್ತದೆ ಎಂದು ಚಹಾ ಕುಡಿಯುತ್ತ ವಿವರಿಸಿದ. ಮೂಸಾನಿಗೆ ಸ್ವರ್ಗ ಕೈಗೆ ಸಿಕ್ಕಿದ ಹಾಗಾಯಿತು. ಹೊರಡುವಾಗ ನಿತ್ಯಾನಂದ ಚಪ್ಪಲಿ ಮೆಟ್ಟುತ್ತ ಒಂದು ಮಾತು ಸೇರಿಸಿದ: ಮನೆಯನ್ನು ಖಾಲಿ ಬಿಡಬಾರದು, ಬಿಟ್ಟರೆ ಏನೂ ಸಿಗುವುದಿಲ್ಲ. ಖಾಲಿ ಎಂದರೆ ಎಷ್ಟು ಹೊತ್ತು ಖಾಲಿ ಎಂದು ಮೂಸಾ ಕೇಳಲಿಲ್ಲ. ಪೇಟೆಯ ವ್ಯಾಪಾರಿ ಎಲ್ಲವನ್ನೂ ತೂಗಿ ನೋಡುತ್ತಾನೆ, ಇದೊಂದನ್ನು ಬಿಟ್ಟು.

ಮುಂದಿನ ಆಟಿಯಲ್ಲಿ ಜೈನಬಮ್ಮ ಗಂಟು ಕಟ್ಟುವಾಗ ಮೂಸಾ ಬಾಗಿಲಲ್ಲಿ ಬಂದು ನಿಂತ. ಈ ಸಲ ಎಲ್ಲಿಗೂ ಹೋಗಬೇಡ, ಮನೆಯಲ್ಲಿ ಜನ ಇರಬೇಕಂತೆ, ತನಗಂತೂ ಅಂಗಡಿ ಬಿಟ್ಟು ಕೂರಲಾಗದು ಎಂದ. ಜೈನಬಮ್ಮ ತನಗೆ ಹೆದರಿಕೆಯಾಗುತ್ತದೆ ಎಂದಳು. ವಿಮೆ ಇರುವಾಗ ಇನ್ನೆಂಥ ಹೆದರಿಕೆ ಎಂದು ಅವನು ನಕ್ಕ. ಅವನ ಲೆಕ್ಕದಲ್ಲಿ ವಿಮೆ ಮನೆಯ ಜೊತೆ ಹೆಂಡತಿಯನ್ನೂ ಕಾಯುತ್ತಿತ್ತು.

ಆ ಮಳೆಗಾಲವಿಡೀ ಜೈನಬಮ್ಮ ಹೊರಗೆ ಹೋಗಲಿಲ್ಲ. ನೆರೆಮನೆಯ ಹೆಂಗಸರು ಸಾಲಾಗಿ ಗುಡ್ಡೆ ಹತ್ತುವುದನ್ನು ಕಿಟಕಿಯಿಂದ ನೋಡಿದಳು. ವಿಮೆಯ ಕಾಗದಕ್ಕಾಗಿ ಗಂಡ ತನ್ನನ್ನು ಕೂಡಿಹಾಕಿದ್ದಾನೆಂದು ಅಕ್ಕನಿಗೆ ಹೇಳಲು ನಾಚಿಕೆ. ಆಡು ಮರಿ ಹಾಕಿದೆ, ಬರಲಾಗುವುದಿಲ್ಲ ಎಂದು ಹೇಳಿಕಳುಹಿಸಿದಳು. ಇಲ್ಲದ ಆಡಿನ ಸುದ್ದಿ ಕೇಳಿ ಸಫಿಯಮ್ಮ ಮುನಿಸಿಕೊಂಡಳು. ಹೊಳೆ ಅಂಗಳದವರೆಗೆ ಬಂದು ಹಿಂದೆ ಹೋಯಿತು. ನೋಡಿದೆಯಾ, ಏನೂ ಆಗಲಿಲ್ಲವಲ್ಲ ಎಂದು ಮೂಸಾ ಹೇಳಿದಾಗ ಅವಳಿಗೆ ಅಳು ಬಂತು. ಏನೂ ಆಗಲಿಲ್ಲವೆಂದರೆ ಮುಂದಿನ ವರ್ಷವೂ ಇದೇ ಎಂದು ಅವಳಿಗೆ ಗೊತ್ತಾಗಿತ್ತು.

ಅರುವತ್ತೊಂದರ ಆಟಿಯಲ್ಲಿ ಮೂಸಾ ಉಪ್ಪಿನ ಗಾಡಿಯೊಂದಿಗೆ ಬೆಳ್ತಂಗಡಿಯ ಆಚೆಗೆ ಹೋಗಿದ್ದ. ಮುಂಡಾಜೆಯ ಕಡೆ ರಸ್ತೆ ಕುಸಿದು ಅಲ್ಲೇ ಸಿಕ್ಕಿಬಿದ್ದ. ಇತ್ತ ಬೆಳಗಿನ ಗಂಜಿಗೆ ಒಲೆ ಹಚ್ಚುವಾಗಲೇ ನೀರು ಹೊಸ್ತಿಲು ದಾಟಿತು. ಒಲೆ ಆರಿತು. ಜೈನಬಮ್ಮ ಅಕ್ಕಿ ಹೊತ್ತು ಅಟ್ಟ ಹತ್ತಿದಳು. ಕೆಳಗೆ ಮಣೆ, ಬುಟ್ಟಿ, ಚಾಪೆ ಒಂದೊಂದಾಗಿ ಎದ್ದು ಕೋಣೆಯೊಳಗೇ ಸುತ್ತತೊಡಗಿದವು. ಅವಳು ಆ ಕಡೆ ನೋಡದೆ ಕಣ್ಣು ಮುಚ್ಚಿ ಕೂತಳು.

ದೋಣಿಯ ಅಣ್ಣು ಮನೆಮನೆಯಿಂದ ಜನರನ್ನು ಸಾಗಿಸುತ್ತಿದ್ದ. ಒಮ್ಮೆ ಬಂದು ಕರೆದ. ಮನೆಯವರು ಬರಲಿ ಎಂದು ಜೈನಬಮ್ಮ ಒಳಗಿನಿಂದಲೇ ಹೇಳಿದಳು. ಅವನು ಇನ್ನೊಂದು ಮನೆಯವರನ್ನು ದಾಟಿಸಿ ತಿರುಗಿ ಬರುವಷ್ಟರಲ್ಲಿ ಹಿಂದಿನ ಗೋಡೆಯ ಕಲ್ಲುಗಳ ನಡುವಿನ ಮಣ್ಣು ಕರಗಿ ಹರಿಯುತ್ತಿತ್ತು. ಅಣ್ಣು ಮಾಡಿಗೆ ಹತ್ತಿ ನಾಲ್ಕು ಹೆಂಚು ತೆಗೆದು ಒಳಗೆ ಇಣುಕಿದ.

“ಜೈನಬಮ್ಮ, ಕೈ ಕೊಡಿ. ಇನ್ನೊಮ್ಮೆ ಬರ್ಲಿಕ್ಕೆ ಆಗುದಿಲ್ಲ.”

“ಮನೆ ಖಾಲಿ ಬಿಟ್ರೆ ಏನೂ ಸಿಗುದಿಲ್ಲಂತೆ, ಅಣ್ಣು.”

ಏನು ಸಿಗುವುದಿಲ್ಲ, ಯಾರಿಗೆ ಸಿಗುವುದಿಲ್ಲ ಎಂದು ಅವನಿಗೆ ತಲೆಬುಡ ತಿಳಿಯಲಿಲ್ಲ. ಹೆದರಿಕೆಯಲ್ಲಿ ಬುದ್ಧಿ ಕೆಟ್ಟಿದೆ ಎಂದುಕೊಂಡು ರಟ್ಟೆ ಹಿಡಿದು ಮೇಲೆ ಎಳೆದ. ದೋಣಿ ಹತ್ತು ಮಾರು ಹೋಗಿರಬಹುದು, ಹಿಂದಿನ ಗೋಡೆ ಬಿತ್ತು. ಅದರ ಮೇಲೆ ಅಟ್ಟ, ಹೆಂಚು, ಎಲ್ಲ ಕೂತವು. ಪ್ರಾಣ ಉಳಿಯಿತೆಂದು ಅನ್ನಿಸುವ ಮೊದಲು ಜೈನಬಮ್ಮನಿಗೆ ಅನ್ನಿಸಿದ್ದು, ಗೋಡೆ ಬೀಳುವ ಮೊದಲೇ ತಾನು ಮನೆ ಬಿಟ್ಟುಬಿಟ್ಟೆನೇ ಎಂದು. ಗಂಡನ ಭಯ ಹೊಳೆಯ ಭಯವನ್ನೂ ನುಂಗಿತ್ತು.

ರಸ್ತೆ ಬಿಡಿಸಿದ ಮೇಲೆ ಮೂಸಾ ಬಂದ. ಬಿದ್ದ ಮನೆಯನ್ನು ನೋಡಿಕೊಂಡೇ ಗುಡ್ಡೆ ಹತ್ತಿದ್ದ. ಜೈನಬಮ್ಮ ಅಕ್ಕನ ಜಗಲಿಯಲ್ಲಿ ಕೂತು ಅವನ ದಾರಿಯನ್ನೇ ಕಾಯುತ್ತಿದ್ದಳು, ಬಂದವನು ತನ್ನ ಬಗ್ಗೆ ಏನಾದರೂ ಕೇಳಿಯಾನೆಂದು. ಅವನು ಕೇಳಿದ್ದು ಇಷ್ಟು:

“ನೀನು ದೋಣಿ ಹತ್ತುವಾಗ ಗೋಡೆ ಇತ್ತಾ, ಬಿದ್ದಿತ್ತಾ?”

ಸಫಿಯಮ್ಮ ಅವನಿಗೆಂದು ತಂದ ನೀರಿನ ಚೆಂಬನ್ನು ಹಾಗೆಯೇ ಒಳಗೆ ಕೊಂಡುಹೋದಳು. ಜೈನಬಮ್ಮ ಎದ್ದು ಅಕ್ಕನ ಹಿಂದೆಯೇ ಹೋದಳು.

ಕೆಸರು ಒಣಗಿದ ಮೇಲೆ ನಿತ್ಯಾನಂದ ಬಂದು ಜಾಗ ನೋಡಿ, ಗುಡ್ಡೆಯ ಮನೆಗೂ ಬಂದ. ಅಷ್ಟರಲ್ಲಿ ಅಣ್ಣುವಿನಿಂದ ಎಲ್ಲ ತಿಳಿದುಕೊಂಡಿದ್ದ ಮೂಸಾ ತಡವರಿಸುತ್ತ, ಗೋಡೆ ಬೀಳುವಾಗ ಹೆಂಡತಿ ಆಗಷ್ಟೇ ಹೊರಗೆ ಕಾಲಿಟ್ಟಿದ್ದಳು ಎಂದು ತಪ್ಪೊಪ್ಪಿಕೊಂಡ. ನಿತ್ಯಾನಂದ ಕಣ್ಣರಳಿಸಿ ನೋಡಿದ. ಖಾಲಿ ಎಂದರೆ ಒಂದೇ ಸಮನೆ ಒಂದು ತಿಂಗಳು ಬೀಗ ಹಾಕಿ ಹೋಗುವುದು. ನೆರೆ ಬಂದಾಗ ಓಡಬೇಡಿ ಎಂದು ಯಾವ ಕಂಪೆನಿಯೂ ಹೇಳುವುದಿಲ್ಲ, ಕಟ್ಟಿಕೊಳ್ಳಲು ಕೊಡುತ್ತಾರೆ, ಆದರೆ ಅದೇ ಅಡಿಪಾಯದ ಮೇಲೆ ಕಟ್ಟಬೇಕು ಎಂದ.

ಮೂಸಾನ ಮುಖ ಊರಗಲವಾಯಿತು. ಹೆಂಡತಿಯ ಕಡೆ ತಿರುಗಿ, “ಹಾಗಾದ್ರೆ ನೀನು ಹೋಗಬಹುದಿತ್ತು ಮಾರಾಯ್ತಿ,” ಎಂದ.

“ನೀವು ಕೇಳಬಹುದಿತ್ತು,” ಎಂದಳು ಜೈನಬಮ್ಮ.

ಹೊಸ ಮನೆ ಹಳೆಯ ಜಾಗದಲ್ಲೇ ಎದ್ದಿತು. ಜೈನಬಮ್ಮ ಬೇಸಿಗೆಯಲ್ಲಿ ಅಲ್ಲಿ ಅಡಿಗೆ ಮಾಡಿದಳು, ಬಂದವರಿಗೆ ಬಡಿಸಿದಳು. ಮೊದಲ ಮಳೆ ಬಿದ್ದ ದಿನ ಗಂಟು ಕಟ್ಟಿ, ಚೌತಿ ಕಳೆದ ಮೇಲೆ ಬರುತ್ತೇನೆ ಎಂದು ಹೇಳಿ ಹೊರಟಳು. ಅಷ್ಟು ಕಾಲ ಬೀಗ ಹಾಕುವಂತಿರಲಿಲ್ಲ, ಅದು ಏಜೆಂಟನೇ ಹೇಳಿದ ಮಾತು. ಹಾಗಾಗಿ ಮೂಸಾ ಮನೆಯಲ್ಲಿ ಒಬ್ಬನೇ ಉಳಿದ. ಅವನು ಅವಳನ್ನು ತಡೆಯಲಿಲ್ಲ, ತಡೆಯುವ ಮುಖ ಅವನಿಗಿರಲಿಲ್ಲ.

ಆಟಿಯಲ್ಲಿ ಒಂದು ಮಧ್ಯಾಹ್ನ ಅವನು ನೆನೆದುಕೊಂಡು ಗುಡ್ಡೆ ಹತ್ತಿ ಬಂದ. ಅಂಗಡಿ ಮುಚ್ಚಿದ್ದ. ಜೈನಬಮ್ಮ ಒಣಬಟ್ಟೆ ಕೊಟ್ಟು ಗಂಜಿ ಬಡಿಸಿದಳು. ಅವನು ತಟ್ಟೆಯಲ್ಲಿ ಕೈಯಾಡಿಸಿದ.

“ನೀರು ಅಂಗಳಕ್ಕೆ ಬಂದಿದೆ,” ಎಂದ. “ಅಲ್ಲಿ ಒಬ್ಬನೇ ಇರ್ಲಿಕ್ಕೆ ನನಗೆ ಹೆದರಿಕೆ ಆಗ್ತದೆ.”

ಜೈನಬಮ್ಮ ಇನ್ನೊಂದು ಸೌಟು ಗಂಜಿ ಹಾಕಿದಳು.

“ನನಗೂ ಆಗ್ತಿತ್ತು,” ಎಂದಳು.