ಸಮ್ಮಿಗೆ ಬರುವ ನಗು

ನನಗೆ ಒಂದು ಸಿತಾರಿನ ಮೇಲೆ ಹೊಟ್ಟೆಕಿಚ್ಚು. ಇದನ್ನು ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ. ನಮ್ಮ ಶಾಲೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಅಲ್ಲಿ ನಾನು ಗಣಿತದ ಮಾಸ್ತರ, ಒಂದಿಷ್ಟು ಮರ್ಯಾದೆ ಉಳಿಸಿಕೊಂಡು ಬದುಕುತ್ತಿದ್ದೇನೆ. ಮರದ ದಂಡಿಗೆ ಬುರುಡೆ ಕೂಡಿಸಿ ತಂತಿ ಬಿಗಿದ ಒಂದು ವಸ್ತುವಿನ ಮೇಲೆ ಐವತ್ತರ ಹತ್ತಿರದ ಗಂಡಸು ಹಲ್ಲು ಕಡಿಯುತ್ತಾನೆಂದು ಗೊತ್ತಾದರೆ, ನಾನು ಹೇಳುವ ಪ್ರಮೇಯಗಳನ್ನು ಮಕ್ಕಳು ಹೇಗೆ ನಂಬಬೇಕು?

ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ನೀವು ನಮ್ಮನ್ನು ನೋಡಿರಬಹುದು. ಕಿಟಕಿಯ ಪಕ್ಕ ಸಿತಾರು, ಅದರ ಪಕ್ಕ ನನ್ನ ಹೆಂಡತಿ ಶಿವಲೀಲಾ, ಅವರಿಬ್ಬರ ಪಕ್ಕದಲ್ಲಿ ಮೇಲಿನ ಕಂಬಿ ಹಿಡಿದು ಜೋತಾಡುವವನು ನಾನು. ಒಮ್ಮೆ ಕಂಡಕ್ಟರ್ ಬಂದು, "ಯಾರ್ದ್ರೀ ಇದು? ಸೀಟ್ ಹಿಡದ ಕುಂತೈತಿ, ಟಿಕೇಟ್ ತಗೋರಿ" ಎಂದ.

"ನಾ ನಿಂತೀನಲ್ರೀ, ನನ್ನ ಸೀಟನ್ನ ಅದಕ್ಕ ಬಿಟ್ಟಕೊಟ್ಟೀನಿ" ಎಂದೆ.

"ನೀವು ನಿಂತಿದ್ದು ನಿಮ್ಮ ಖುಷಿರೀ. ಅದು ಕುಂತೈತಲ್ಲ" ಎಂದ ಅವನು. ತರ್ಕದಲ್ಲಿ ಎಲ್ಲಿಯೂ ದೋಷ ಸಿಗಲಿಲ್ಲ. ಟಿಕೇಟು ತೆಗೆದುಕೊಂಡೆ. ನನ್ನ ಸವತಿಗೆ ನಾನೇ ಟಿಕೇಟು ತೆಗೆಸಿ ಕಿಟಕಿಯ ಗಾಳಿಗೆ ಕೂಡಿಸಿದ ಹಾಗಾಯಿತು.

ಇದಕ್ಕೆಲ್ಲ ಕಾರಣ ನಾನೇ. ಮಗಳು ಓದಲು ಬಳ್ಳಾರಿಯ ಹಾಸ್ಟೆಲಿಗೆ ಹೋದ ಮೇಲೆ ಶಿವಲೀಲಾ ಮನೆಯಲ್ಲಿ ಸುಮ್ಮನೆ ಕೂರುವುದನ್ನು ನೋಡಲಾಗದೆ, "ಏನಾರ ಒಂದು ಕಲಿ" ಎಂದಿದ್ದೆ. ಕಸೂತಿಯಂಥದ್ದೇನಾದರೂ ಕಲಿತಾಳು, ನಾನು ಚಹಾ ಕೇಳಿದಾಗ ಸೂಜಿ ಸಿಕ್ಕಿಸಿಟ್ಟು ಎದ್ದಾಳು ಎಂಬುದು ನನ್ನ ಲೆಕ್ಕ. ಆಕೆ ಸಂಜೆಯ ಸಿತಾರ್ ಕ್ಲಾಸಿಗೆ ಸೇರಿದಳು. ಜೂನಿಯರ್ ಪರೀಕ್ಷೆ ಮುಗಿಸಿದಳು, ಸೀನಿಯರಿಗೆ ಕಟ್ಟಿದಳು. ಅಷ್ಟರಲ್ಲಿ ಅಲ್ಲಿಯ ಸಂಗೀತ ಮಾಸ್ತರು ತಮ್ಮ ವಿದ್ಯಾರ್ಥಿಗಳನ್ನೆಲ್ಲ ಕೂಡಿಸಿ ಒಂದು ವಾದ್ಯವೃಂದ ಕಟ್ಟಿದರು. ಸಿತಾರು, ವಯಲಿನ್ನು, ಕೊಳಲು, ಹಾರ್ಮೋನಿಯಂ, ತಬಲಾ ಎಲ್ಲ ಸೇರಿ ಒಟ್ಟಿಗೆ ಬಾರಿಸುವ ಮೇಳ. ಅಂದಿನಿಂದ ನನ್ನ ಹೆಂಡತಿ ಜಿಲ್ಲಾಧಿಕಾರಿಗಿಂತ ಹೆಚ್ಚು ತಿರುಗುತ್ತಾಳೆ. ಇವತ್ತು ತಾಲೀಮು, ನಾಳೆ ಕುಷ್ಟಗಿ, ನಾಡಿದ್ದು ಯಲಬುರ್ಗಾ, ನಡುವೆ ಯಾರದೋ ಶಾಲೆಯ ವಾರ್ಷಿಕೋತ್ಸವ. ಎದುರುಮನೆಯ ಬಸಮ್ಮ ಇದನ್ನು ಸಿನಿಮಾ ಹಾಡಿನ ಆರ್ಕೆಸ್ಟ್ರಾ ಎಂದೇ ತಿಳಿದಿದ್ದಾಳೆ. "ಅಕ್ಕಾರು ಡ್ಯಾನ್ಸ್‌ನೂ ಮಾಡ್ತಾರೇನ್ರೀ ಸರ್?" ಎಂದು ನನ್ನನ್ನು ಕೇಳಿದ್ದಾಳೆ.

ಮನೆಯಲ್ಲಿ ಬಿಸಿ ರೊಟ್ಟಿಯ ಸಪ್ಪಳ ನಿಂತಿದೆ. ರವಿವಾರ ಒಂದು ಬುಟ್ಟಿ ಖಡಕ್ ರೊಟ್ಟಿ ಮಾಡಿಟ್ಟರೆ ವಾರವಿಡೀ ಅದನ್ನೇ ಶೇಂಗಾ ಹಿಂಡಿಯ ಜೊತೆ ಮುರಿಯುತ್ತಿರುತ್ತೇನೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ಸಿತಾರಿನ ಚೀಲ ಸೇರಿದೆ. ತಂತಿಯ ಮೇಲೆ ಬೆರಳು ಜಾರಲು ಎಣ್ಣೆ ಬೇಕಂತೆ. ನನ್ನ ತಲೆ ಹೇಗೂ ಖಾಲಿಯಾಗುತ್ತ ಬಂದಿದೆ, ಅದಕ್ಕೆ ಎಣ್ಣೆ ಯಾಕೆ ಎಂಬುದು ಆಕೆಯ ಅಭಿಪ್ರಾಯ.

ನಮ್ಮ ಹಿಂದಿನ ಶಾಸ್ತ್ರಕಾರರು ಭಾರೀ ಜಾಣರು. ನಲ್ಲನಿಗಾಗಿ ಕಾಯುವ ಹೆಣ್ಣುಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಅಲಂಕರಿಸಿಕೊಂಡು ಕಾಯುವವಳಿಗೆ ಒಂದು ಹೆಸರು, ಮೋಸಹೋದವಳಿಗೆ ಒಂದು ಹೆಸರು, ಸಿಟ್ಟಾದವಳಿಗೆ ಇನ್ನೊಂದು ಹೆಸರು ಕೊಟ್ಟಿದ್ದಾರೆ. ಆದರೆ ಹೆಂಡತಿ ತಾಲೀಮಿಗೆ ಹೋದಾಗ ಕುಕ್ಕರಿನ ಸೀಟಿ ಎಣಿಸುತ್ತ ಕಾಯುವ ಗಂಡನಿಗೆ ಒಂದೂ ಹೆಸರಿಟ್ಟಿಲ್ಲ. ಅವರ ಹೆಂಡಂದಿರು ಯಾರೂ ವಾದ್ಯವೃಂದದಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ದಿನ ತಾಲೀಮು ನೋಡಲು ಹೋದೆ, ಅಲ್ಲಿಗೆ ನನ್ನ ನಿದ್ದೆ ಕೆಟ್ಟಿತು. ಮೇಳಕ್ಕೆ ತಬಲಾ ಬಾರಿಸುವವರು ಗಂಗಾವತಿಯ ಹುಸೇನಸಾಬರು. ಟೇಲರಿಂಗ್ ಅಂಗಡಿ ಇಟ್ಟವರು, ಗಡ್ಡಕ್ಕೆ ಮದರಂಗಿ, ನನಗಿಂತ ಹತ್ತು ವರ್ಷ ದೊಡ್ಡವರು, ಶಿವಲೀಲಾಳನ್ನು "ತಂಗೆಮ್ಮ" ಎಂದು ಕರೆಯುವವರು. ಆಕೆ ಬಾರಿಸುತ್ತ ಬಾರಿಸುತ್ತ ಒಂದು ಕಡೆ ಬಂದಾಗ ತಟ್ಟನೆ ತಲೆ ಎತ್ತಿ ಹುಸೇನಸಾಬರನ್ನು ನೋಡಿ ನಕ್ಕಳು. ಅವರೂ ತಲೆದೂಗಿ ನಕ್ಕರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ನಗು.

ಬೈಕಿನ ಮೇಲೆ ಮನೆಗೆ ಬರುವಾಗ, ನಡುವೆ ಸಿತಾರು ಕೂತಿದ್ದರಿಂದ ಕೂಗಿ ಕೇಳಬೇಕಾಯಿತು: "ಆ ಸಾಬರ ಕಡೆ ನೋಡಿ ಯಾಕ ನಗ್ತಿ?"

"ಅದು ಸಮ್‌ರೀ" ಎಂದಳು. "ಇಬ್ರೂ ಸುತ್ತಾಡಿ ಒಂದ ಜಾಗಾಕ್ಕ ಬಂದು ಕೂಡ್ತೀವಲ್ಲ, ಆಗ ನಗು ತಾನ ಬರ್ತೈತಿ. ತರೋದೇನ ಇರಂಗಿಲ್ಲ."

ತಾನೇ ಬರುತ್ತದಂತೆ! ಮದುವೆಯಾದಾಗಿನಿಂದ ನಾವೂ ಸುತ್ತಾಡಿ ಒಂದೇ ಮನೆಗೆ ಬಂದು ಕೂಡುತ್ತಿದ್ದೇವೆ. ನನ್ನನ್ನು ನೋಡಿ ಆ ನಗು ಒಮ್ಮೆಯೂ ತಾನೇ ಬಂದಿಲ್ಲ. ನಾನು ಸಂಜೆ ಬಾಗಿಲಲ್ಲಿ ಕಾಣಿಸಿಕೊಂಡರೆ ಆಕೆಗೆ ನೆನಪಾಗುವುದು ಹಾಲು ತರಲಿಲ್ಲವೆಂಬುದು.

ಆ ನಗು ಎಲ್ಲಿಂದ ಬರುತ್ತದೆಂದು ತಿಳಿಯಲೇಬೇಕೆಂದು ತಾಳ ಕಲಿಯತೊಡಗಿದೆ. ತೀನ್‌ತಾಲಕ್ಕೆ ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ. ಒಂದಕ್ಕೆ ಚಪ್ಪಾಳೆ, ಅದೇ ಸಮ್. ಐದಕ್ಕೂ ಹದಿಮೂರಕ್ಕೂ ಚಪ್ಪಾಳೆ. ನಡುವೆ ಒಂಬತ್ತಕ್ಕೆ ಮಾತ್ರ ಹೊಡೆಯಬಾರದು, ಅಂಗೈಯನ್ನು ಮೇಲೆ ತಿರುವಿ ಸುಮ್ಮನಿರಬೇಕು. ಅದಕ್ಕೆ ಖಾಲಿ ಎನ್ನುತ್ತಾರೆ. ಸೊನ್ನೆಗೂ ಒಂದು ಜಾಗ ಕೊಟ್ಟ ಈ ಲೆಕ್ಕ ನನಗೆ ಬಹಳ ಹಿಡಿಸಿತು. ಸ್ಟಾಫ್ ರೂಮಿನ ಟೇಬಲ್ಲಿನ ಮೇಲೆ ಅಭ್ಯಾಸ ನಡೆಸಿದೆ. "ಏನ್ರೀ ಸರ್, ಯಾರೋ ಬಾಗಿಲಾ ಬಡದ್ಹಂಗ ಆಗ್ತೈತಿ" ಎಂದು ಹೆಡ್‌ಮಾಸ್ತರು ಎರಡು ಸಲ ಎದ್ದು ಹೋಗಿ ಬಾಗಿಲು ತೆಗೆದು ನೋಡಿದರು. ಶಿವಲೀಲಾಗೆ ಮಾತ್ರ ಸಂತೋಷವೋ ಸಂತೋಷ. ಮನೆಯಲ್ಲಿ ಆಕೆ ಬಾರಿಸುವಾಗ ನಾನು ಎದುರಿಗೆ ಕುಳಿತು ಕೈಯಲ್ಲಿ ತಾಳ ಹಾಕುತ್ತಿದ್ದೆ. ಸಮ್ ಬಂದಾಗಲೆಲ್ಲ ಆಸೆಯಿಂದ ಆಕೆಯ ಮುಖ ನೋಡುತ್ತಿದ್ದೆ. ಆಕೆ ತಂತಿ ನೋಡುತ್ತಿದ್ದಳು.

ಅಷ್ಟರಲ್ಲಿ ಶ್ರೀರಾಮನಗರದಲ್ಲಿ ಒಂದು ಕಾರ್ಯಕ್ರಮ ಬಂತು. ನಡುವೆ ಸ್ವಲ್ಪ ಹೊತ್ತು ಶಿವಲೀಲಾ ಒಬ್ಬಳೇ ಬಾರಿಸಬೇಕು, ಕೊನೆಗೆ ಒಂದು ತಿಹಾಯಿ ಹಾಕಬೇಕು ಎಂದು ಮಾಸ್ತರು ಹೇಳಿದರು. ತಿಹಾಯಿ ಎಂದರೆ ಒಂದೇ ತುಣುಕನ್ನು ಮೂರು ಸಲ ಬಾರಿಸಿ ಸರಿಯಾಗಿ ಸಮ್ಮಿನ ಮೇಲೆ ಬಂದಿಳಿಯುವುದು. ಇಳಿದ ಕ್ಷಣಕ್ಕೆ ಇಡೀ ಮೇಳ ಕೂಡಿಕೊಳ್ಳುತ್ತದೆ. ಅಲ್ಲಿ ಸರಿಹೋದರೆ ಕೊಪ್ಪಳದ ದೊಡ್ಡ ಕಾರ್ಯಕ್ರಮದಲ್ಲೂ ಆಕೆಗೇ ಆ ಜಾಗ. ರೊಟ್ಟಿ ತಟ್ಟುವಾಗಲೂ ಆಕೆಯ ತುಟಿಯಲ್ಲಿ ಅದೇ ತಿಹಾಯಿ ಓಡುತ್ತಿತ್ತು. ಇಷ್ಟೊಂದು ಬೇಕೆಂದು ಆಕೆ ಏನನ್ನಾದರೂ ಬಯಸಿದ್ದನ್ನು ನಾನು ಕಂಡಿರಲಿಲ್ಲ.

"ಮುಂದಿನ ಸಾಲಿನ್ಯಾಗ ಕುಂದರ್ರಿ" ಎಂದಳು. "ನಿಮ್ಮ ಮಾರಿ ಕಂಡ್ರ ಧೈರ್ಯ ಇರ್ತೈತಿ."

ಅಕ್ಕಿ ಗಿರಣಿಯ ಅಂಗಳದಲ್ಲಿ ಪೆಂಡಾಲು. ನಾನು ಮುಂದಿನ ಸಾಲಿನ ನಡುಮಧ್ಯ ಕುಳಿತು, ಸುತ್ತಲಿನವರಿಗೆಲ್ಲ ಕಾಣುವಂತೆ ತಾಳ ಹಾಕತೊಡಗಿದೆ. ಹುಸೇನಸಾಬರಿಗೂ ಕಾಣಲಿ ಎಂಬುದು ಮುಖ್ಯ ಉದ್ದೇಶ. ಶಿವಲೀಲಾಳ ಸರದಿ ಶುರುವಾದ ಹೊತ್ತಿಗೇ ಊರಿನ ಹಿರಿಯರೊಬ್ಬರು ತಡವಾಗಿ ಬಂದರು. "ಕೊಂಚೆಂ ಜರಗಂಡಿ ಸರ್, ಸ್ವಲ್ಪ ಸರೀರಿ" ಎಂದು ತೆಲುಗು, ಕನ್ನಡ ಎರಡೂ ಭಾಷೆಯಲ್ಲಿ ಕೇಳಿದರು. ಕುರ್ಚಿ ಎತ್ತಿ ಸರಿಸಿದೆ. ಕುಳಿತಾಗ ಎಣಿಕೆ ಕೈತಪ್ಪಿತ್ತು. ಕಿವಿಗೊಟ್ಟು ಕೇಳಿ, ಇದೇ ಸಮ್ ಎಂದು ಒಂದು ಕಡೆ ಹಿಡಿದು ಮತ್ತೆ ಜೋರಾಗಿ ಹೊಡೆಯತೊಡಗಿದೆ.

ನಾನು ಹಿಡಿದದ್ದು ಒಂಬತ್ತನ್ನು. ಇಡೀ ಪೆಂಡಾಲು ಒಂದು ಕಡೆ ಇದ್ದರೆ ನನ್ನ ಚಪ್ಪಾಳೆ ಅರ್ಧ ಸುತ್ತು ಆಚೆ, ಯಾರೂ ಹೊಡೆಯಬಾರದ ಜಾಗದಲ್ಲಿ ಬೀಳುತ್ತಿತ್ತು. ತಿಹಾಯಿ ಎತ್ತುವ ಮೊದಲು ಶಿವಲೀಲಾ ತಲೆ ಎತ್ತಿದಳು. ಹುಸೇನಸಾಬರ ಕಡೆ ನೋಡಲಿಲ್ಲ, ನನ್ನ ಕೈ ನೋಡಿದಳು. ಒಂದು ಗಳಿಗೆ ತಡೆದು, ಆ ಲೆಕ್ಕಕ್ಕೇ ತಿಹಾಯಿ ಎತ್ತಿದಳು. ಒಂದು, ಎರಡು, ಮೂರು. ನನ್ನ ಚಪ್ಪಾಳೆಯ ಮೇಲೆ ನೆಟ್ಟಗೆ ಬಂದಿಳಿದಳು. ಮತ್ತು ನನ್ನನ್ನು ನೋಡಿ ನಕ್ಕಳು. ಅದೇ ನಗು.

ಮುಂದೆ ವೇದಿಕೆಯ ಮೇಲೆ ಆದದ್ದು ಕೊಪ್ಪಳ ಬಸ್‌ಸ್ಟ್ಯಾಂಡಿನ ಗದ್ದಲ. ವಯಲಿನ್ನಿನವರು ಆಕೆಯ ಜೊತೆ ಹೊರಟರು, ಕೊಳಲಿನವರು ನಿಂತರು, ಹಾರ್ಮೋನಿಯಂ ಯಾವ ಕಡೆ ಹೋಗಬೇಕೆಂದು ತಿಳಿಯದೆ ಒಂದೇ ಸ್ವರ ಹಿಡಿದು ಕೂತಿತು. ಹುಸೇನಸಾಬರು ತಬಲಾದ ಮೇಲೆ ಗುಡುಗಿ ಎಲ್ಲರನ್ನೂ ಒಟ್ಟುಗೂಡಿಸಿದರು. ಜನಕ್ಕೆ ಏನೂ ಗೊತ್ತಾಗಲಿಲ್ಲ, ಚಪ್ಪಾಳೆಯ ಮೇಲೆ ಚಪ್ಪಾಳೆ. ಮಾಸ್ತರ ಮುಖ ಮಾತ್ರ ಕಪ್ಪಿಟ್ಟಿತ್ತು. ಕೊಪ್ಪಳದ ಜಾಗ ಪಕ್ಕದ ಸಿತಾರಿನ ವಿದ್ಯಾ ಎಂಬ ಹುಡುಗಿಗೆ ಹೋಯಿತು.

ಬಸ್ಸು ಕಾಯುವಾಗ ಮಿರ್ಚಿ ಕಟ್ಟಿಸಿಕೊಂಡೆ. ಇಬ್ಬರೂ ತಿನ್ನಲಿಲ್ಲ. "ನನ್ನ ಕೈ ತಪ್ಪಿತು" ಎಂದೆ.

"ನನ್ನ ಕಿವಿಗೆ ಗೊತ್ತಿತ್ರೀ" ಎಂದಳು. "ಆದ್ರ ನಿಮ್ಮನ್ನ ನೋಡಿದೆ. ಇವ್ರು ಲೆಕ್ಕದಾಗ ತಪ್ಪಂಗಿಲ್ಲ, ನಂದ ತಪ್ಪಿರಬೇಕು ಅಂದ್ಕೊಂಡೆ."

ಬೈದಿದ್ದರೆ ಚೆನ್ನಾಗಿತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ನಿಮಗೆ ಸುಳ್ಳು ಹೇಳಲಾರೆ. ಆ ದುಃಖದ ನಡುವೆಯೂ ಒಳಗೊಬ್ಬ, ಆ ನಗು ನನ್ನ ಪಾಲಿಗೆ ಬಂತು, ನನ್ನ ಪಾಲಿಗೇ ಬಂತು ಎಂದು ಕುಣಿಯುತ್ತಿದ್ದ. ಹೊಟ್ಟೆಕಿಚ್ಚಿನವನಿಗೆ ನಾಚಿಕೆ ಎಂಬುದು ಇರುವುದಿಲ್ಲ.

ಆಮೇಲಿನ ದಿನಗಳಲ್ಲಿ ಒಂದು ವಿಚಿತ್ರ ಸುಖ ಸಿಕ್ಕಿತು. ಶಿವಲೀಲಾಗೆ ವಿದ್ಯಾಳ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. "ಆಕಿ ತಂತಿ ಜಗ್ಗಿ ಮೀಂಡ್ ಎಳೀತಾಳೋ, ಬಾವ್ಯಾಗಿನ ಹಗ್ಗಾ ಎಳೀತಾಳೋ" ಎಂದು ಆಕೆ, "ಖರೇ" ಎಂದು ನಾನು. ನನ್ನ ಅನುಭವವೆಲ್ಲ ಆಕೆಗೆ ಉಪಯೋಗಕ್ಕೆ ಬಂತು. ಇಬ್ಬರೂ ಎದುರುಬದುರು ಕುಳಿತು ಖಡಕ್ ರೊಟ್ಟಿ ಮುರಿಯುತ್ತ ಪರರ ಏಳಿಗೆಗೆ ಉರಿದುಕೊಳ್ಳುವಾಗ ಮನೆ ಎಷ್ಟೋ ದಿನಗಳ ಮೇಲೆ ಮನೆಯಂತೆ ಕಂಡಿತು.

ಮೊನ್ನೆ ಕುಷ್ಟಗಿಯಲ್ಲಿ ಕಾರ್ಯಕ್ರಮವಿತ್ತು. ಮತ್ತೆ ಮುಂದಿನ ಸಾಲಿನಲ್ಲೇ ಕೂರಬೇಕೆಂದಳು. ಆದರೆ ವೇದಿಕೆ ಹತ್ತುವ ಮೊದಲು ಸಿತಾರಿನ ದೊಡ್ಡ ಗವಸಣಿಗೆಯನ್ನು ಬಿಚ್ಚಿ ನನ್ನ ತೊಡೆಯ ಮೇಲೆ ಹೇರಿ, "ಎರಡೂ ಕೈಲೆ ತಬ್ಬಿ ಹಿಡ್ಕೋರಿ. ಒಂದ ಕೈಲೆ ಹಿಡದ್ರ ಇನ್ನೊಂದು ಕೈ ಸುಮ್ಮನ ಇರಂಗಿಲ್ಲ" ಎಂದಳು. ಒಳಗೆ ಸಿತಾರಿಲ್ಲದ ಬರೀ ಚೀಲವನ್ನು ಅಪ್ಪಿಕೊಂಡು ಕುಳಿತೆ.

ಬಾರಿಸುವುದು ಶುರುವಾಯಿತು. ಕೈ ಕಟ್ಟಿದ್ದರಿಂದ ಮನಸ್ಸಿನಲ್ಲೇ ಎಣಿಸಿದೆ. ಈ ಸಲ ತಪ್ಪಲಿಲ್ಲ. ಸಮ್ ಬಂತು, ಆಕೆ ಹುಸೇನಸಾಬರನ್ನು ನೋಡಿ ನಕ್ಕಳು. ನನ್ನ ಹೊಟ್ಟೆ ಎಂದಿನಂತೆ ಉರಿಯಿತು. ಐದು ಹೋಯಿತು. ಒಂಬತ್ತು ಬಂತು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ, ಅಲ್ಲಿ ನೋಡುವಂಥದ್ದೇನೂ ಇರುವುದಿಲ್ಲ. ಸರಿಯಾಗಿ ಅಲ್ಲಿ ಶಿವಲೀಲಾ ತಲೆ ಎತ್ತಿ, ಮುಂದಿನ ಸಾಲಿನಲ್ಲಿ ಚೀಲ ತಬ್ಬಿ ಕುಳಿತವನನ್ನು ಹುಡುಕಿ ನೋಡಿ, ನಗು ತಡೆಯಲಾರದೆ ತುಟಿ ಕಚ್ಚಿಕೊಂಡಳು. ಮುಂದಿನ ಸುತ್ತಿನಲ್ಲೂ ಅಷ್ಟೇ. ಸಮ್ಮು ಹುಸೇನಸಾಬರಿಗೇ ಇರಲಿ ಎಂದುಕೊಂಡೆ. ಒಂಬತ್ತು ನನ್ನದು.

ಮರಳಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿತಾರೇ ಕುಳಿತಿತ್ತು. ನಾನು ಕಂಬಿ ಹಿಡಿದು ನಿಂತು ಮನಸ್ಸಿನಲ್ಲೇ ತಾಳ ಹಾಕುತ್ತ ಬಂದೆ. ಒಂಬತ್ತು ಬಂದಾಗಲೆಲ್ಲ ಆಸೆಯಿಂದ ಹೆಂಡತಿಯ ಕಡೆ ನೋಡುತ್ತಿದ್ದೆ. ಆಕೆ ಸಿತಾರಿನ ಭುಜದ ಮೇಲೆ ತಲೆಯಿಟ್ಟು ಸುಖವಾಗಿ ನಿದ್ದೆ ಮಾಡುತ್ತಿದ್ದಳು.