ಸುಟ್ಟದ್ದು ತಂತಿಯಲ್ಲ

ಮಲಪ್ರಭೆ ಉಕ್ಕಿ ಫೋನ್ ಬಂದಾದರೆ ಐಹೊಳೆಯಿಂದ ಸುದ್ದಿ ಕಳಿಸಲೆಂದು ಹವ್ಯಾಸಿ ರೇಡಿಯೊದ ಆಂಟೆನಾ ಕಟ್ಟಿಕೊಡಲು ಒಪ್ಪಿದ್ದೆ. ಆಂಟೆನಾಕ್ಕೂ ರೇಡಿಯೊಗೂ ನಡುವೆ ಕೂಡಿಸುವ ಅದರ ಪುಟ್ಟ ಟ್ರಾನ್ಸ್‌ಫಾರ್ಮರ್ ವಿಪರೀತ ಬಿಸಿಯಾಗುತ್ತಿತ್ತು. ತಂತಿ ತೆಳುವಾಯಿತೇನೋ, ದಪ್ಪ ತಂತಿ ಸುತ್ತಿಸೋಣವೆಂದು ಕುಳಗೇರಿ ಕ್ರಾಸಿನಲ್ಲಿ ಮೋಟರ್ ವೈಂಡಿಂಗ್ ಮಾಡುವ ರಜಿಯಾಬಿಯವರ ಅಂಗಡಿಗೆ ಹೋದೆ.

"ಮೊದಲ ಚಾಲೂ ಮಾಡಿ ತೋರಸ್ರಿ" ಅಂದರು.

ಎದುರಿನ ಬೇವಿನ ಮರಕ್ಕೆ ಆಂಟೆನಾ ಕಟ್ಟಿ, ಹತ್ತು ನಿಮಿಷ ಬಿಡದೆ ಮಾತಾಡಿ ರೇಡಿಯೊ ಆರಿಸಿದೆ. ಅವರು ತಂತಿ ಮುಟ್ಟಿದರು. ಆಮೇಲೆ ಒಳಗಿನ ಕರಿ ಬಳೆಯಂಥ ಕೋರಿಗೆ ಬೆರಳು ತಾಗಿಸಿ ಸರಕ್ಕನೆ ಕೈ ಎಳೆದುಕೊಂಡರು.

"ತಂತಿ ಬರೇ ಬೆಚ್ಚಗೈತ್ರಿ. ಸುಡಾಕತ್ತಿದ್ದು ಕೋರ್. ಭಾಳ ಸಣ್ಣದಾತು."

ಅಷ್ಟರಲ್ಲಿ ಕೋರ್ ಟಪ್ಪನೆ ಸೀಳಿತು. ಹೊಳೆ ಬಂದ ದಿನ ಹೀಗಾಗಿದ್ದರೆ? ಸಣ್ಣ ಕೋರಿನಲ್ಲಿ ಕಾಂತೀಯ ಹರಿವು ಕಿಕ್ಕಿರಿದರೆ ಕೋರೇ ಬಿಸಿಯಾಗುತ್ತದೆಂದು ಊರೂರು ತಿರುಗಿ ಪಾಠ ಹೇಳಿದವನು ನಾನೇ.

ನನ್ನ ಚೀಲದಲ್ಲಿದ್ದ ಮೂರು ಕೋರುಗಳನ್ನು ಒಂದರ ಮೇಲೊಂದಿಟ್ಟು ಅವರೇ ಹೊಸದಾಗಿ ಸುತ್ತಿಕೊಟ್ಟರು. ಅರ್ಧ ತಾಸು ಮಾತಾಡಿದರೂ ಅದು ಉಗುರುಬೆಚ್ಚಗಷ್ಟೇ ಇತ್ತು.

"ಆದರೂ ಸ್ವಲ್ಪ ಮಾತಾಡ್ರಿ, ಸ್ವಲ್ಪ ಸುಮ್ಮನಿರ್ರಿ" ಅಂದರು.

ನಮ್ಮ ಮನೆಯವರೂ ಇದನ್ನೇ ಹೇಳುತ್ತಾರೆ. ಅವರಿಗೆ ಕೋರಿನ ಚಿಂತೆಯೇನೂ ಇಲ್ಲ.